ದಡದಲ್ಲಿ ಬೋರಲು ಬಿದ್ದಿದ್ದ ತೆಪ್ಪ

ಹಿಂದಿನ ದಿನ ಸಂಜೆ ನಾವಿಬ್ಬರೂ ಎಂದಿನ ಹಾಗೆ ಕೆರೆಗೆ ಬಲೆ ಬಿಡಲು ಹೋಗಿದ್ದೆವು. ಊರಲ್ಲಿ ನಾಟಿ ಶುರುವಾಗಿತ್ತು. ಮಳೆ ಬಂದು ಬಂದು ನಿಲ್ಲುತ್ತಿತ್ತು, ಗಾಳಿ ಮಾತ್ರ ನಿಲ್ಲುತ್ತಿರಲಿಲ್ಲ. ತೆಪ್ಪದಲ್ಲಿ ಹುಟ್ಟು ಹಾಕುವುದು ನಾನು. ನನ್ನ ಗಂಡ ಎದುರಿಗೆ ಮಂಡಿಯೂರಿ ಕೂತು ಬಲೆಯನ್ನು ಮಡಿಕೆ ಮಡಿಕೆಯಾಗಿ ನೀರಿಗೆ ಬಿಡುತ್ತಿದ್ದರು.

ನನ್ನ ತವರು ಈಸೂರಿನ ಕಡೆ. ನಮ್ಮಪ್ಪನ ಮನೆಯಲ್ಲಿ ಕುರಿ ಸಾಕುತ್ತಾರೆ. ಮದುವೆಯಾಗಿ ಸೊರಬದ ಈ ಭಾಗಕ್ಕೆ ಬರುವವರೆಗೆ ನಾನು ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವಳಲ್ಲ. ಇಷ್ಟು ವರ್ಷವಾದರೂ ಅವರು ಅದನ್ನು ಹೇಳಿ ಛೇಡಿಸುವುದನ್ನು ಬಿಟ್ಟಿರಲಿಲ್ಲ.

"ಎಂತ ಮಾರಾಯ್ತಿ, ತೆಪ್ಪ ನಿಂತಲ್ಲೇ ತಿರುಗ್ತಾ ಉಂಟಲೆ. ಕುರಿ ದೊಡ್ಡಿ ಸುತ್ತು ಹಾಕ್ತಿದೀಯ?"

"ಕುರಿ ಆದ್ರೆ ಹೇಳಿದ ಮಾತು ಕೇಳ್ತಾವ್ರೀ. ನಿಮ್ಮ ಮೀನು ಎಲ್ಲಿ ಕೇಳ್ತಾವು? ಎಲ್ಲಾ ಆ ನೀರುಕಾಗೆ ಪಾಲಾತು."

ಗುಡವಿಯ ಪಕ್ಷಿಧಾಮಕ್ಕೆ ಹಕ್ಕಿ ಬರುವ ಕಾಲದಲ್ಲಿ ನಮ್ಮ ಕೆರೆಗೂ ಒಂದಷ್ಟು ಬರುತ್ತವೆ. ನೀರುಕಾಗೆಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪಾಲು ಕೇಳುವ ದಾಯಾದಿಗಳ ಹಾಗೆ ಬೈಯುತ್ತಿದ್ದರು. ಅವತ್ತೂ ಬೈದರು. ಬಲೆಯ ಕೊನೆಗೆ ಖಾಲಿ ಬಾಟಲಿ ಕಟ್ಟಿ ಗುರುತಿಗೆ ತೇಲಿಬಿಟ್ಟು, ವಾಪಸು ಬಂದು, ತೆಪ್ಪವನ್ನು ಇಬ್ಬರೂ ಹಿಡಿದು ದಡಕ್ಕೆ ಎಳೆದು ಬೋರಲು ಹಾಕಿದೆವು. ಮನೆಗೆ ಬಂದು ಮೆಣಸಿನಕಾಯಿ ಚಟ್ನಿ, ರೊಟ್ಟಿ ತಿಂದೆವು. ರೊಟ್ಟಿ ಸ್ವಲ್ಪ ಸೀದಿತ್ತು. ಅವರು ಅದನ್ನೂ ತಿಂದರು. ಅಷ್ಟೇ ಆ ದಿನ.

ತೆಪ್ಪ ಬೋರಲು ಹಾಕುವ ವಿಷಯ ಇಲ್ಲಿ ಹೇಳಲೇಬೇಕು. ನಮ್ಮದು ಫೈಬರ್ ತೆಪ್ಪ, ದೊಡ್ಡ ಬಾಣಲೆಯ ಹಾಗೆ ದುಂಡಗಿದೆ. ಅದಕ್ಕೂ ಮೊದಲು ಬಿದಿರಿನದಿತ್ತು, ಅದಕ್ಕೆ ವರ್ಷವರ್ಷ ಟಾರು ಬಳಿಯಬೇಕಿತ್ತು. ಯಾವುದೇ ಆಗಲಿ, ದಡದಲ್ಲಿ ಹಾಗೇ ಬಿಟ್ಟರೆ ಮಳೆನೀರು ತುಂಬುತ್ತದೆ. ಆದ್ದರಿಂದ ಕೆಲಸ ಮುಗಿದ ಕೂಡಲೇ ಬೋರಲು ಹಾಕುವುದು ಕ್ರಮ. ಕೆಲಸ ಮುಗಿಯದೆ ಯಾರೂ ಹಾಗೆ ಹಾಕುವುದಿಲ್ಲ. ಹಾಗಾಗಿ ನಮ್ಮ ಕೇರಿಯ ಹೆಂಗಸರಿಗೆ ಅದೇ ಗುರುತು. ನಾನು ಹೊಸದಾಗಿ ಬಂದಾಗ ಅತ್ತೆ ಹೇಳಿಕೊಟ್ಟಿದ್ದರು: "ಏರಿ ಮೇಲೆ ನಿಂತ್ಕಂಡು ನೋಡು. ತೆಪ್ಪ ಬೋರಲಿದ್ರೆ ಗಂಡಸ್ರು ಬಂದ್ರು ಅಂತ. ಬಂದು ಅನ್ನಕ್ಕೆ ಇಡು." ಅವರ ಅತ್ತೆಯೂ ಅವರಿಗೆ ಹಾಗೇ ಹೇಳಿದ್ದರಂತೆ. ಎಷ್ಟೋ ಸಲ ಹಾಗೆ ನೋಡಿ ಬಂದು ಒಲೆ ಹೊತ್ತಿಸಿದ್ದೇನೆ. ಒಮ್ಮೆಯೂ ತಪ್ಪಿರಲಿಲ್ಲ.

ಮರುದಿನ ನನಗೆ ಪಕ್ಕದ ಮನೆಯವರ ಗದ್ದೆಗೆ ಮುಯ್ಯಿ ಹೋಗುವುದಿತ್ತು. ಅವರ ನಾಟಿಗೆ ನಾವು, ನಮ್ಮ ನಾಟಿಗೆ ಅವರು. ಬಲೆ ಎತ್ತುವುದಕ್ಕೆ ನಾನು ಬರುವುದಿಲ್ಲ ಎಂದಾಗ ನನ್ನವರು, "ಹೋಗು, ನಿನ್ನ ಜಾಗದಲ್ಲಿ ಒಂದು ಕಲ್ಲು ಇಟ್ಕತ್ತೀನಿ, ಅದು ಎದುರು ಮಾತಾಡಲ್ಲ," ಎಂದರು. ಒಬ್ಬರೇ ಹೋಗುವಾಗ ತೆಪ್ಪ ಒಂದು ಕಡೆಗೆ ವಾಲದಿರಲೆಂದು ಎದುರಿಗೆ ಕಲ್ಲು ಇಡುವುದು ಎಲ್ಲರೂ ಮಾಡುವುದೇ. ಚಹಾ ಕುಡಿದು, ಹುಟ್ಟು ಹೆಗಲಿಗಿಟ್ಟುಕೊಂಡು ಹೋದರು. ನಾನು ಬುತ್ತಿ ಕಟ್ಟುತ್ತಿದ್ದೆ. ತಲೆಯೆತ್ತಿ ನೋಡಲಿಲ್ಲ.

ಗದ್ದೆಗೆ ಹೋಗುವ ದಾರಿ ಕೆರೆ ಏರಿಯ ಮೇಲೆಯೇ. ಪಕ್ಕದ ಮನೆಯ ಅಕ್ಕ, ನಾನು ಮಳೆಗೆ ತಲೆ ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಹೋಗುತ್ತಿದ್ದೆವು. ಗಾಳಿಗೆ ಕೊಪ್ಪೆ ಹಾರಿಹೋಗುವಂತಿತ್ತು. ಏರಿಯ ನಡುವೆ ಬಂದಾಗ ಅಭ್ಯಾಸದಂತೆ ಕೆಳಗೆ ನೋಡಿದೆ. ನಮ್ಮ ತೆಪ್ಪ ನಮ್ಮ ಜಾಗದಲ್ಲೇ, ಜೊಂಡಿನ ಪಕ್ಕದಲ್ಲಿ, ಬೋರಲು ಇತ್ತು.

"ಇಷ್ಟು ಲಗೂನ ಬಂದಾರ ನೋಡಕ್ಕ," ಎಂದೆ.

"ನೀನಿಲ್ದೇ ಹೋದ್ರೆ ಕೆಲ್ಸ ಬೇಗ ಆಗ್ತದೆ ಕಣೆ. ಇಷ್ಟೊತ್ತಿಗೆ ಚಾ ಅಂಗಡೀಲಿ ಕೂತು ಎರಡನೇ ಬನ್ನು ತಿಂತಿರ್ತಾರೆ," ಎಂದು ಅಕ್ಕ ನಕ್ಕರು.

ನಾನೂ ನಕ್ಕೆ. ನಕ್ಕಿದ್ದು ನೆನಪಿದೆ.

ಮಧ್ಯಾಹ್ನ ಬುತ್ತಿ ಬಿಚ್ಚಿದ್ದೂ ಏರಿಯ ಮೇಲೆಯೇ, ಅಲ್ಲಿ ನೆಲ ಸ್ವಲ್ಪ ಒಣಗಿತ್ತು. ಕೂತಲ್ಲಿಗೆ ತೆಪ್ಪ ಕಾಣುತ್ತಿತ್ತು. ಅದನ್ನು ನೋಡುತ್ತಲೇ ಉಂಡೆ. ನನ್ನವರಿಗೆ ಫೋನು ಮಾಡಿದೆ, ಹತ್ತಲಿಲ್ಲ. ಒಳ್ಳೆ ಕಾಟ್ಲಾ ಬಿದ್ದ ದಿನ ಜಡೆ ಊರಿನಿಂದ ಬರುವ ಬಸ್ಸು ಹಿಡಿದು ಸೊರಬಕ್ಕೆ ಹೋಗಿ ಮಾರಿ ಬರುತ್ತಿದ್ದರು. ಇವತ್ತೂ ಒಳ್ಳೆ ಮೀನು ಸಿಕ್ಕಿರಬೇಕು ಎಂದುಕೊಂಡೆ. ಸಮಾಧಾನವೇ ಆಯಿತು. ಕೈ ತೊಳೆದು ಮತ್ತೆ ಗದ್ದೆಗೆ ಇಳಿದೆ.

ಆ ದಿನ ಏರಿಯ ಮೇಲೆ ಹೋದವರು ಕಡಿಮೆಯಲ್ಲ. ದನ ಹೊಡೆದುಕೊಂಡು ಹೋದವರು, ಗೊಬ್ಬರ ತಂದವರು, ನಾಟಿಯವರು. ಎಲ್ಲರೂ ತೆಪ್ಪ ನೋಡಿದ್ದಾರೆ. ಎಲ್ಲರೂ ಅದೇ ಅಂದುಕೊಂಡಿದ್ದಾರೆ.

ಹೊತ್ತು ಇಳಿಯುವ ಮುಂಚೆ ನನ್ನವರ ಗೆಳೆಯ, ಅದೇ ಕೆರೆಯಲ್ಲಿ ಬಲೆ ಬಿಡುವವನು, ತನ್ನ ತೆಪ್ಪ ತೆಗೆಯಲು ಬಂದ. ಸಸಿಯ ಕಟ್ಟು ಒಯ್ಯಲು ಏರಿಗೆ ಹತ್ತಿದ್ದ ನನಗೆ ಅವನು ಕಂಡ. ನಮ್ಮ ತೆಪ್ಪದ ಹತ್ತಿರ ನಿಂತ. ಬಗ್ಗಿದ. ಮತ್ತೆ ನಿಂತ. ನಾನು ಗದ್ದೆಗೆ ಇಳಿದ ಮೇಲೆ ಅವನೂ ಏರಿ ಹತ್ತಿ ಗದ್ದೆಯ ಬದುವಿಗೆ ಬಂದು ಮೆಲ್ಲಗೆ ಕೇಳಿದ.

"ಅತ್ತಿಗೆ, ಅಣ್ಣ ಮನೇಲಿದಾರ?"

"ಸೊರಬಕ್ಕ ಹೋಗಿರಬೇಕು."

"ಹೋಗ್ತೀನಿ ಅಂದಿದ್ರಾ?"

"ಇಲ್ಲ. ಯಾಕ?"

ಅವನು ನನ್ನ ಮುಖ ನೋಡಲಿಲ್ಲ. ಪಕ್ಕದ ಮನೆಯ ಅಕ್ಕನ ಕಡೆ ತಿರುಗಿ ಹೇಳಿದ: "ತೆಪ್ಪದ ಹಗ್ಗ ಕಟ್ಟಿಲ್ಲ ಅಕ್ಕ. ನೀರಲ್ಲೇ ಉಂಟು. ಅರ್ಧ ತೆಪ್ಪನೂ ನೀರಲ್ಲೇ ಉಂಟು. ಅದನ್ನ ಯಾರೂ ಬೋರಲು ಹಾಕಿದ್ದಲ್ಲ."

ನನಗೆ ಅರ್ಥವಾಗಲಿಲ್ಲ. ಕೈಯಲ್ಲಿದ್ದ ಸಸಿಯ ಕಟ್ಟನ್ನು ಬಿಚ್ಚಿ ಇನ್ನೂ ನಾಲ್ಕು ಬುಡ ನೆಟ್ಟೆನಂತೆ. ಅಕ್ಕ ಬಂದು ಕೈ ಹಿಡಿದು ಎಬ್ಬಿಸಿದರು. ಅದು ನನಗೆ ನೆನಪಿಲ್ಲ, ಅವರು ಹೇಳಿದ್ದು.

ಮಳೆಗಾಲದಲ್ಲಿ ನಮ್ಮ ಕೆರೆಯ ಗಾಳಿ ತೇಲುವುದನ್ನೆಲ್ಲ ಆ ಮೂಲೆಗೇ ದೂಡುತ್ತದೆ. ವಾಪಸು ಬರುವಾಗ ಹುಟ್ಟು ಹಾಕುವ ಶ್ರಮ ಉಳಿಯಲಿ ಎಂದೇ ನಾವು ತೆಪ್ಪದ ಜಾಗ ಅಲ್ಲಿ ಮಾಡಿಕೊಂಡದ್ದು. ಕೆರೆಯ ನಡುವೆ ಮಗುಚಿದ ತೆಪ್ಪವನ್ನು ಗಾಳಿ ಅಲ್ಲಿಗೇ ತಂದು ಬಿಟ್ಟಿತ್ತು. ಏರಿಯ ಮೇಲಿಂದ ನೋಡಿದರೆ ಜೊಂಡಿನ ಮರೆಯಲ್ಲಿ ನೀರು ಕಾಣುವುದಿಲ್ಲ. ಎಳೆದು ಇಟ್ಟ ಹಾಗೇ ಕಾಣುತ್ತದೆ.

ಊರಿನ ತೆಪ್ಪಗಳೆಲ್ಲ ಇಳಿದವು. ನಾನು ದಡದಲ್ಲಿ ನಿಂತಿದ್ದೆ. ಯಾರೋ ಕೂರಲು ಹೇಳಿದರು, ಕೂರಲಿಲ್ಲ. ಬಾಟಲಿ ತೇಲುತ್ತಿದ್ದ ಕಡೆಗೆ ಗೆಳೆಯ ನೇರ ಹೋದ. ಬೆಳಕಿರುವಾಗಲೇ ಸಿಕ್ಕರು. ಬಲೆ ಅರ್ಧ ಎತ್ತಿಯಾಗಿತ್ತು, ಉಳಿದ ಅರ್ಧ ತಾವರೆ ಬಳ್ಳಿಗೆ ಸಿಕ್ಕಿಕೊಂಡಿತ್ತು. ಅವರ ಕಾಲು ಅದರಲ್ಲಿತ್ತು. ಎಳೆಯುವಾಗ ತೆಪ್ಪ ವಾಲಿರಬೇಕು ಎಂದರು. ಈಜು ಬರುವ ಮನುಷ್ಯ. ಈ ದಡದಿಂದ ಆ ದಡಕ್ಕೆ ಒಂದೇ ಉಸಿರಿನಲ್ಲಿ ಈಜಿ ತೋರಿಸುತ್ತೇನೆ ಎಂದು ಪಂಥ ಕಟ್ಟುತ್ತಿದ್ದವರು. ಅವರ ಮುಖದಲ್ಲಿ ಏನೂ ಆಗಿರಲಿಲ್ಲ. ತಲೆಗೂದಲು ಹಣೆಗೆ ಅಂಟಿತ್ತು. ನಾನು ಅದನ್ನು ಹಿಂದಕ್ಕೆ ಸರಿಸಿದೆ. ಅಳು ಬರಲಿಲ್ಲ. ಎಲ್ಲರೂ ಅಳು ಅಳು ಎನ್ನುತ್ತಿದ್ದರು. ನನ್ನ ಕಣ್ಣು ಪದೇ ಪದೇ ತೆಪ್ಪದ ಕಡೆಗೇ ಹೋಗುತ್ತಿತ್ತು. ಬೋರಲು ಇದೆಯಲ್ಲ, ಮನೆಗೆ ಬಂದಿದ್ದಾರಲ್ಲ, ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು.

ಇದಾಗಿ ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿದೆ. ಈಗಲೂ ಏರಿಯ ಮೇಲೆ ಹೋದರೆ ಆ ಮಾತು ನನ್ನೊಳಗೆ ಮೊದಲು ಬರುತ್ತದೆ, ನಿಜ ಆಮೇಲೆ ಬರುತ್ತದೆ. ಆ ನಡುವಿನ ಹೊತ್ತು ಬಹಳ ಚಿಕ್ಕದು. ಆದರೆ ಅದು ಪ್ರತಿಸಲವೂ ಬರುತ್ತದೆ.

ತೆಪ್ಪವನ್ನು ಮಾರಿಬಿಡು ಎಂದು ತವರಿನವರು ಹೇಳಿದರು. ಮಾರಲಿಲ್ಲ. ಗೆಳೆಯ ಕೆಲವು ಸಲ ಕೇಳಿ ತೆಗೆದುಕೊಂಡು ಹೋಗುತ್ತಾನೆ. ಈಗ ಊರವರು ದಡಕ್ಕೆ ಬಂದ ಮೇಲೆ ತೆಪ್ಪವನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಒಂದು ಹಸಿರು ಟೊಂಗೆ ಮುರಿದು ಇಡುತ್ತಾರೆ. ಹಾಗೆ ಮಾಡಿ ಎಂದು ಯಾರೂ ಸಭೆ ಸೇರಿಸಿ ಹೇಳಿದ್ದಲ್ಲ. ಯಾರು ಶುರು ಮಾಡಿದರೋ ತಿಳಿಯದು. ಹೆಂಗಸರು ಈಗ ಟೊಂಗೆ ನೋಡಿ ಅನ್ನಕ್ಕೆ ಇಡುತ್ತಾರೆ.

ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ ಹತ್ತಿರ ನಾನು ಒಂದೇ ಪ್ರಶ್ನೆ ಕೇಳಿದ್ದೆ. ನಾನು ಏರಿಯ ಮೇಲೆ ನಿಂತು ನಕ್ಕಾಗ ನನ್ನವರಿಗೆ ಇನ್ನೂ ಜೀವ ಇತ್ತೇ, ಇಲ್ಲವೇ ಎಂದು. "ಬೆಳಿಗ್ಗೆ ಆಗಿದೆಯಮ್ಮ, ಅಷ್ಟು ಮಾತ್ರ ಹೇಳಬಹುದು," ಎಂದರು. ಗೆಳೆಯನನ್ನು ಕೇಳಿದೆ, ಅವನು ಎದ್ದು ಹೋದ. ಆ ದಿನ ಏರಿಯ ಮೇಲೆ ಓಡಾಡಿದ ಒಬ್ಬೊಬ್ಬರನ್ನೂ ಕೇಳಿದೆ. ತೆಪ್ಪ ನೀರಿನ ಮೇಲೆ ನೆಟ್ಟಗಿದ್ದುದನ್ನು ಕಂಡವರು ಯಾರೂ ಇಲ್ಲ, ಎಲ್ಲರೂ ಕಂಡದ್ದು ಬೋರಲು ಇದ್ದದ್ದನ್ನೇ. ನನ್ನವರು ಎಷ್ಟು ಹೊತ್ತಿಗೆ ನೀರಿಗೆ ಬಿದ್ದರು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.