ಸೆರಗಿಗೆ ಒರೆಸುವ ಕೈ

ಕನ್ನಡಕದ ಕೋರ್ಸಿನ ಕೊನೆಯಲ್ಲಿ ನಮ್ಮನ್ನು ಅಂಗಡಿ ಕೆಲಸಕ್ಕೆ ಹಾಕುತ್ತಿದ್ದರು. ನನ್ನ ಪಾಲಿಗೆ ಬಂದ ಮಾಲೀಕರಿಗೆ ನಾಲ್ಕು ಊರಲ್ಲಿ ಅಂಗಡಿ. ವಾರದ ಮೊದಲಿಗೆ ಜಗಳೂರು, ಆಮೇಲೆ ಚನ್ನಗಿರಿ, ಹೊನ್ನಾಳಿ, ಕೊನೆಗೆ ನ್ಯಾಮತಿ. ಸೀಟು ಸಿಕ್ಕ ದಿನ ಬಸ್ಸಲ್ಲಿ ನಿದ್ದೆ, ಸಿಗದ ದಿನ ಕಂಬ ಹಿಡಿದೇ ತೂಕಡಿಕೆ. ಎರಡು ಮಕ್ಕಳ ತಾಯಿಯಾದ ಮೇಲೆ ಓದಲು ಹೊರಟವಳಿಗೆ ಇದೆಲ್ಲ ಬೇಕಿತ್ತಾ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಕಾಂಟ್ಯಾಕ್ಟ್ ಲೆನ್ಸ್ ಕಲಿಸಲು ಅಂಗಡಿಗಳಿಗೂ ಜೊತೆಗೇ ಬರುತ್ತಿದ್ದ ಮೇಷ್ಟ್ರದು ಮಾತು ಕಡಿಮೆ. ಲೆನ್ಸಿಗೆ ನೀರು ಸೋಕಿಸಬಾರದು, ಅದರ ಸಲ್ಯೂಷನ್ನಿನಲ್ಲೇ ಉಜ್ಜಿ ತೊಳೆಯಬೇಕು. ಡಬ್ಬಿಯಲ್ಲಿದ್ದದ್ದನ್ನು ದಿನಾ ಚೆಲ್ಲಿ ಹೊಸದು ತುಂಬಬೇಕು. ಹಾಕುವುದು, ತೆಗೆಯುವುದು ಎರಡನ್ನೂ ತಾವೇ ತಪ್ಪಿಲ್ಲದೆ ಮಾಡುವ ತನಕ ಯಾರಿಗೂ ಮನೆಗೆ ಕೊಡಕೂಡದು. ನಾನು ಊರೂರಲ್ಲೂ ಇದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದೆ. ಕೇಳಿದವರು ಹೂಂ ಎನ್ನುತ್ತಿದ್ದರು, ಅಷ್ಟೆ.

ನ್ಯಾಮತಿ ಅಂಗಡಿಗೆ ಒಬ್ಬಳು ಬಂದಳು, ಹತ್ತಿರದ ಹಳ್ಳಿಯಲ್ಲಿ ರವಿಕೆ ಹೊಲಿಯುವವಳು. ಅವಳ ಕಣ್ಣಿನ ಕರಿಗುಡ್ಡೆ ಮೊನಚಾಗುತ್ತ ಬಂದು ನೋಟ ಮಸುಕಾಗಿತ್ತು. ಇದಕ್ಕೆ ಕನ್ನಡಕ ನಡೆಯದು, ಗಟ್ಟಿ ಲೆನ್ಸೇ ಆಗಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಅದೂ ಆಗದಿದ್ದರೆ ಹೊಲಿಗೆ ಮಷೀನು ಮುಚ್ಚಿಡಬೇಕು. ಜೊತೆಗೆ ಅವಳ ಅತ್ತೆ ಬಂದಿದ್ದರು. ಅವರಿಗೆ ಗಳಿಗೆಗೊಮ್ಮೆ ಎಲೆಅಡಿಕೆ ಬೇಕು. ಎಲೆಗೆ ಸುಣ್ಣ ಹಚ್ಚಿ ಮಡಚಿ ಕೊಡುವುದು ಸೊಸೆಯ ಕೆಲಸ.

ಸೋಪು ಹಚ್ಚಿ ಕೈ ತೊಳೆದುಕೋ ಎಂದೆ. ಚೆನ್ನಾಗಿಯೇ ತೊಳೆದಳು. ತೊಳೆದು ಸೆರಗಿಗೆ ಒರೆಸಿಕೊಂಡಳು. ಸೆರಗಿನ ತುಂಬ ಸುಣ್ಣದ ಬಿಳಿ ಬೆರಳಚ್ಚು. ಆ ಬೆರಳಲ್ಲಿ ಲೆನ್ಸ್ ಹಿಡಿದು ಕಣ್ಣಿಗಿಟ್ಟರೆ ಇರುವ ಕಣ್ಣೂ ಸುಟ್ಟುಹೋದೀತು. ಬಿಡಿಸಿ ಹೇಳಿದೆ. ನಾಲಿಗೆ ಕಚ್ಚಿಕೊಂಡು ಮತ್ತೆ ತೊಳೆದಳು, ಮತ್ತೆ ಒರೆಸಿದಳು. ಪೇಪರ್ ಟವೆಲ್ ಕೈಗೆ ಕೊಟ್ಟರೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಸೆರಗಿಗೇ ಒರೆಸಿದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಎಂದು ರೇಗಿಬಿಟ್ಟೆ. ಅವಳು ಪಾಪ, ತನ್ನ ಕೈಯನ್ನೇ ದಿಟ್ಟಿಸಿದಳು.

ಸಂಜೆಯಾಯಿತು. ಮೇಷ್ಟ್ರು ನನ್ನ ಮುಖ ನೋಡಿದರು, ತೀರ್ಮಾನ ನಿನ್ನದು ಎನ್ನುವ ಹಾಗೆ. ನಾನು ಲೆನ್ಸನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ.

“ಮೇಡಮ್ಮರ, ಮದುವಿ ಸೀಜನ್ ಐತ್ರಿ,” ಎಂದಳು. “ಮನೇಲಿ ಹುಷಾರಾಗಿ ಹಾಕ್ಕೊಂತೀನಿ, ಕೊಡ್ರಿ.”

ಆಗಲ್ಲ ಎಂದೆ. ಅತ್ತೆ ಗೊಣಗುತ್ತ ಎದ್ದರು, ಅವಳು ಅವರ ರಟ್ಟೆ ಹಿಡಿದು ಮೆಟ್ಟಿಲನ್ನು ಕಾಲಲ್ಲಿ ತಡಕಾಡುತ್ತ ಇಳಿದಳು. ಹಾಗೆ ಬರಿಗೈಯಲ್ಲಿ ಹೋದವರು ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ. ಬಸ್ಸಲ್ಲಿ ಸೀಟು ಸಿಕ್ಕರೂ ಅಂದು ನಿದ್ದೆ ಬರಲಿಲ್ಲ. ನಾನು ಮಾಡಿದ್ದು ಸರಿಯೇ ಇತ್ತು, ಆದರೂ ಅವಳು ಮೆಟ್ಟಿಲು ತಡಕಾಡಿದ್ದೇ ಕಣ್ಣಿಗೆ ಕಟ್ಟಿತ್ತು. ಈ ಕೆಲಸವೇ ಸಾಕು ಅನ್ನಿಸಿತು.

ಮುಂದಿನ ವಾರ ನಾನು ಬೀಗ ತೆಗೆಯುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು. ತಂಗಿಯ ಚೂಡಿದಾರ ತೊಟ್ಟಿದ್ದಳು, ವೇಲೂ ಇಲ್ಲ. ಅತ್ತೆ ಸೊಸೆಯ ಸೀರೆಯಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಗೆ ಮುಖ ಮಾಡಿ ಕೂತರು. ವಾಪಸು ಬಸ್ಸು ಹತ್ತುವ ಮೊದಲು ಸೀರೆ ಉಟ್ಟುಕೊಳ್ಳಲೇಬೇಕು, ಊರ ಮಂದಿ ಏನಂದಾರು ಎಂದು ದಾರಿಯುದ್ದಕ್ಕೂ ಅತ್ತೆಯ ಜಗಳವಂತೆ.

“ಒರೆಸ್ಕೊಳ್ಳಾಕೆ ಏನೂ ಇಲ್ದಂಗೆ ಬಂದೀನ್ರಿ,” ಎಂದಳು.

ಕೈ ತೊಳೆದಳು. ಕೈ ತಾನಾಗಿಯೇ ಸೊಂಟದ ಕಡೆ ಹೋಯಿತು, ಸೆರಗು ಸಿಗದೆ ವಾಪಸು ಬಂತು. ಅಷ್ಟಕ್ಕೇ ನಕ್ಕುಬಿಟ್ಟಳು. ಪೇಪರಿನಲ್ಲಿ ಒರೆಸಿಕೊಂಡು ಲೆನ್ಸ್ ಹಾಕಿದಳು. ಕಣ್ಣಿನ ಮೂಲೆ ಎಳೆದು ಮಿಟುಕಿಸಿದಳು, ಲೆನ್ಸ್ ಅಂಗೈಗೆ ಬಿತ್ತು. ಮತ್ತೆ ಮತ್ತೆ ಮಾಡಿಸಿದೆ, ಎಲ್ಲೂ ತಪ್ಪಲಿಲ್ಲ. ಕೊನೆಗೆ ಕಣ್ಣಲ್ಲೇ ಇರಲಿ ಎಂದು ಡಬ್ಬಿ, ಸಲ್ಯೂಷನ್ನು ಕೈಗೆ ಕೊಟ್ಟೆ. ಮೇಷ್ಟ್ರು ತಲೆಯಾಡಿಸಿದರು. ನಾನು ಸ್ಟೂಲ್ ಎಳೆದುಕೊಂಡು ಕೂತೆ.

ಅವಳು ಸೀರೆ ಉಡಲು ಒಳಗೆ ಜಾಗವಿದೆಯಾ ಎಂದು ಕೇಳಿ, ಚೀಲಕ್ಕೆ ಕೈ ಚಾಚಿದಳು. ಅತ್ತೆ ಚೀಲ ಬಿಡಲಿಲ್ಲ.

“ಬ್ಯಾಡ, ಹಿಂಗೇ ನಡಿ,” ಎಂದರು. “ಇನ್ಮೇಲೆ ಸುಣ್ಣಾನೂ ನಾನೇ ಹಚ್ಕೊಂತೀನಿ.”