ಎರಡು ತಿರುಪಿನ ಸ್ಟೀರಿಯೋ

೧೯೮೧ರಲ್ಲಿ, ಏಳನೇ ಕ್ಲಾಸಿನ ನಡುವಿನಲ್ಲಿ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಊಟಕ್ಕೆ ಅಂಥ ತೊಂದರೆಯೂ ಇರಲಿಲ್ಲ. ಹಲಸೂರಿನ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಟಿಂಕರಿಂಗ್ ಶೆಡ್ಡಿತ್ತು. ಗುದ್ದಿಸಿಕೊಂಡು ಮುದ್ದೆಯಾಗಿ ಬಂದ ಕಾರಿನ ಬಾಗಿಲನ್ನು ಒಬ್ಬ ಮನುಷ್ಯ ಸುತ್ತಿಗೆಯಲ್ಲಿ ಬಡಿದು ಬಡಿದು ಮತ್ತೆ ಬಾಗಿಲು ಮಾಡುವುದನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಒಂದು ದಿನ ಶಾಲೆಯ ಕಡೆ ಹೋಗಲಿಲ್ಲ, ಶೆಡ್ಡಿನ ಒಳಗೆ ಹೋದೆ. ಅಪ್ಪ ಎರಡು ಬಾರಿಸಿ ಸುಮ್ಮನಾದರು. ಓದಿದವರ ಮುಂದೆ ಇದನ್ನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ, ಮೊನ್ನೆ ಮೊನ್ನೆಯವರೆಗೂ.

ಆ ಶೆಡ್ಡಿನ ಉಸ್ತಾದ್ ನನಗೆ ಕಸುಬು ಕಲಿಸಿದರು. ಆಮೇಲೆ ಜೋಗುಪಾಳ್ಯದ ಅಂಚಿನಲ್ಲಿ ನನ್ನದೇ ಶೆಡ್ಡು ಮಾಡಿದೆ. ತಗಡಿನ ಹಿಂದೆ ಕಬ್ಬಿಣದ ಗುಂಡು ಹಿಡಿದು ಮುಂದಿನಿಂದ ಬಡಿದರೆ ಗುಳಿ ಮೇಲೆದ್ದು ಬರಬೇಕು, ಅದು ನನ್ನ ಕೆಲಸ. ಗುಳಿಯ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹಾಗೆ ಕಳಿಸಿದವನಲ್ಲ. ಎರಡು ಕೋಣೆಯ ಮನೆ ಕಟ್ಟಿದೆ, ಮಗಳನ್ನು ಓದಿಸಿದೆ, ಮದುವೆ ಮಾಡಿದೆ. ಯಾರ ಮುಂದೆಯೂ ಕೈ ಚಾಚಲಿಲ್ಲ.

ಮಗಳು ಗಂಡನ ಮನೆಗೆ ಹೋದ ಮೇಲೆ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ನಮ್ಮಿಬ್ಬರ ನಡುವೆ ಮಾತು ನಿಂತು ಆಗಲೇ ಕೆಲವು ವರ್ಷಗಳಾಗಿದ್ದವು. ಜಗಳವಾಡಿರಲಿಲ್ಲ. ಮೊದಲು ಬಾಯಿ ತುಂಬ ಮಾತಾಡುತ್ತಿದ್ದವಳು ಸ್ವಲ್ಪ ಸ್ವಲ್ಪವೇ ನಿಲ್ಲಿಸಿದಳು. ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು, ಮುಖ ಮಾತ್ರ ಬೇರೆ ಕಡೆ. ಯಾಕೆ ಎಂದು ನಾನು ಕೇಳಲಿಲ್ಲ. ಹಿಂದೆ ಬಿದ್ದು ಕೇಳಿಕೊಂಡು ಹೋಗುವ ಜಾಯಮಾನ ನನ್ನದಲ್ಲ. ಬದಲಿಗೆ ನಾನೇ ರಿಪೇರಿ ಮಾಡುತ್ತಿದ್ದ ಒಂದು ಹಳೆಯ ಕಾರಿನ ಮೇಲೆ ಆಸೆ ಇಟ್ಟುಕೊಂಡೆ. ಕಾರು ಮುಗಿದರೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಳೆಯ ಹಾಡು ಹಾಕಿದರೆ, ಅವಳು ತಾನಾಗಿಯೇ ಮಾತಾಡುತ್ತಾಳೆ ಎಂದು ಬಲವಾಗಿ ನಂಬಿದ್ದೆ.

ಕಾರು ಅರವತ್ತೆಂಟರ ಮಾಡೆಲ್ಲು, ದುಂಡು ಮೂತಿಯ ಪುಟ್ಟ ಗಾಡಿ. ಕಾಕ್ಸ್‌ಟೌನಿನಲ್ಲಿ ಒಂದು ಹಳೆಯ ಮನೆ ಕೆಡವಿ ಫ್ಲಾಟು ಕಟ್ಟುವಾಗ ಸೀಬೆ ಮರದ ಕೆಳಗೆ ಕೊಳೆಯುತ್ತ ನಿಂತಿತ್ತು, ಗುಜರಿ ಬೆಲೆಗೆ ತಂದೆ. ನೆಲದ ತಗಡು ಕಾಲಿಟ್ಟರೆ ಉದುರುತ್ತಿತ್ತು. ಭಾನುವಾರ ಭಾನುವಾರ ಕೂತು, ಹೊಸ ತಗಡು ಬಡಿದು, ಆರು ವರ್ಷಕ್ಕೆ ಅದನ್ನು ರಸ್ತೆಗೆ ಇಳಿಸಿದೆ. ಉಳಿದದ್ದು ಒಂದೇ. ಡ್ಯಾಶ್‌ಬೋರ್ಡಿನಲ್ಲಿ ರೇಡಿಯೋ ಇದ್ದ ಜಾಗ ಖಾಲಿ: ನಡುವೆ ಒಂದು ಸಣ್ಣ ಕಿಂಡಿ, ಅದರ ಎರಡು ಪಕ್ಕದಲ್ಲಿ, ಸದ್ದು ಮತ್ತು ಸ್ಟೇಷನ್ನು ಬದಲಿಸುವ ತಿರುಪುಗಳಿಗೆ ಎರಡು ದುಂಡು ತೂತು.

ಈಗಿನ ಸ್ಟೀರಿಯೋಗಳು ಆ ಕಿಂಡಿಗೆ ಹಿಡಿಸುವುದಿಲ್ಲ. ವೈರಿಂಗ್ ಮಾಡಿಕೊಟ್ಟ ಶಿವಾಜಿನಗರದ ಗೆಳೆಯ ಡ್ಯಾಶ್‌ಬೋರ್ಡಿನ ಮೇಲೆ ಬೆರಳಲ್ಲಿ ಗೀಟು ಎಳೆದು ತೋರಿಸಿದ.

"ಇಲ್ಲಿಂದ ಇಲ್ಲಿಗೆ ಕೊಯ್ದ್ರೆ ಮುಗೀತು ಮಗಾ. ಟಚ್ ಸ್ಕ್ರೀನೇ ಕೂರಿಸ್ಬಹುದು."

"ನಿನ್ನ ಮೂಗು ಕೊಯ್ದು ಕೂರಿಸ್ಲಾ ಟಚ್ ಸ್ಕ್ರೀನು?"

"ಕೂರ್ಸು ಗುರು, ಆಗಾದ್ರೂ ನನ್ನ ಹೆಂಡ್ತಿ ನನ್ನ ಮುಖ ನೋಡ್ತಾಳೆ."

ಕೊಯ್ಯಲು ನಾನು ಬಿಡಲಿಲ್ಲ. ಕೊನೆಗೆ ಅವನೇ ಹೇಳಿದ: ನೋಡಲು ಹಳೆಯ ರೇಡಿಯೋದಂತೆಯೇ ಇರುವ ಹೊಸ ಸ್ಟೀರಿಯೋಗಳು ಬರುತ್ತಿವೆ, ತಿರುಪುಗಳನ್ನು ಆ ಕಡೆ ಈ ಕಡೆ ಸರಿಸಿ ಹಳೆಯ ತೂತಿಗೇ ಹೊಂದಿಸಬಹುದು, ನಿಮ್ಮ ಏರಿಯಾದ ಮಸೀದಿ ಹಿಂದಿನ ಗಲ್ಲಿಯಲ್ಲೇ ಒಂದು ಅಂಗಡಿಯವನು ತರಿಸಿಕೊಡುತ್ತಾನೆ ಎಂದು. ಹೆಂಡತಿಯನ್ನೂ ಕರೆದುಕೊಂಡು ಹೋದೆ. ಹಾಡು ಕೇಳುವವಳು ಅವಳೇ, ಅವಳೇ ಆರಿಸಲಿ ಎಂದು. ಮರುಮಾತಿಲ್ಲದೆ ಸೀರೆ ಬದಲಿಸಿ ಬಂದಳು.

ಅಂಗಡಿಯವನು ಮೂವತ್ತರ ಆಸುಪಾಸಿನವನು, ಮಾತುಗಾರ. ಗಾಜಿನ ಮೇಲೆ ಎರಡು ಸೆಟ್ಟು ಇಟ್ಟ.

"ನೋಡಿ ಅಂಕಲ್, ಹೊರಗೆ ತಾತ, ಒಳಗೆ ಮೊಮ್ಮಗ. ಮುಳ್ಳು ಓಡಾಡೋ ಡಯಲ್ಲು, ಹಳದಿ ಲೈಟು, ಒತ್ತೋಕೆ ಐದು ಬಟನ್ನು. ಒಳಗಡೆ ಬ್ಲೂಟೂತು. ಆಂಟಿ ಫೋನಿಂದ್ಲೇ ಹಾಡು ಹಾಕ್ಬಹುದು."

ನಾನು ನನ್ನ ರೀತಿಯಲ್ಲಿ ನೋಡಿದೆ. ಕೈಯಲ್ಲಿ ಎತ್ತಿ ತೂಕ ನೋಡಿದೆ, ಬೆರಳ ಗಿಣ್ಣಿನಿಂದ ತಟ್ಟಿದೆ, ತಿರುಪಿನ ಅಂಚನ್ನು ಉಗುರಿನಿಂದ ಕೆರೆದೆ. ಒಂದರದ್ದು ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿ ಬಣ್ಣ. ಇನ್ನೊಂದರದ್ದು ಗಟ್ಟಿ ಲೋಹ, ಬೆಲೆ ದುಪ್ಪಟ್ಟು.

"ನೋಡಿದ್ದು ಸಾಕು, ಕೇಳಿ ಅಂಕಲ್," ಎಂದು ಅವನು ಎರಡನ್ನೂ ಒಂದೇ ಜೋಡಿ ಸ್ಪೀಕರಿಗೆ ಸಿಕ್ಕಿಸಿದ. "ಇದು ಮೊದಲನೇದು. ಈಗ ಎರಡನೇದು. ಡಿಫರೆನ್ಸ್ ಗೊತ್ತಾಗ್ತಿದ್ಯಾ?"

ನನಗೆ ಎರಡೂ ಒಂದೇ. ಕಂಬಳಿ ಹೊದಿಸಿದ ಡ್ರಮ್ಮು ಬಾರಿಸಿದ ಹಾಗೆ ದಬ್ ದಬ್ ಎನ್ನುತ್ತಿತ್ತು.

ಹೆಂಡತಿ ಮುಂದೆ ಬಾಗಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿದ್ದನ್ನು ನೋಡಿದೆ. "ಎರಡನೇದ್ರಲ್ಲಿ ಗೆಜ್ಜೆ ಸದ್ದು ಎಷ್ಟು ಚೆನ್ನಾಗಿ ಬರ್ತಿದೆ," ಎಂದಳು. ಅವಳ ತುಟಿ ನೋಡುತ್ತಿದ್ದುದರಿಂದ ನನಗೆ ಅದು ತಿಳಿಯಿತು. ಆಗ ನಾನು ಅದನ್ನೂ ಗಮನಿಸಲಿಲ್ಲ.

ಗೆಜ್ಜೆ ಸದ್ದು ನನಗೂ ಬರಬೇಕಲ್ಲ. "ಏನಪ್ಪಾ, ಸ್ಪೀಕರ್ ಹೋಗಿದ್ಯಾ?" ಎಂದು ನಾನೇ ಕೈ ಹಾಕಿ ತಿರುಪು ತಿರುಗಿಸಿದೆ. ಬರಲಿಲ್ಲ. ಇನ್ನೂ ತಿರುಗಿಸಿದೆ. ಕೊನೆಯವರೆಗೂ ತಿರುಗಿಸಿ, ತಲೆ ಓರೆ ಮಾಡಿ ಕಾಯುತ್ತ ನಿಂತೆ. ತಲೆ ಎತ್ತಿದಾಗ ಎದುರಿನ ಸೀಟ್‌ಕವರ್ ಅಂಗಡಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಅಂಗಡಿಯವನು ಸ್ವಿಚ್ಚಿಗೆ ಕೈ ಚಾಚಿದ್ದ. ನನ್ನ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ನಾಳೆ ಬರ್ತೀನಿ," ಎಂದು ಹೇಳಿ ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ತಿರುಗಿದರೆ ಅವಳು ಬೆನ್ನ ಹಿಂದೆಯೇ ನಿಂತಿದ್ದಳು. ಎದುರಿಗೆ ಬಂದು, ನಿಧಾನವಾಗಿ, ಜೋರಾಗಿ ಹೇಳಿದಳು. "ಹಿಂದೆ ನಿಂತು ಮೂರು ಸಲ ಕರೆದೆ. ನಿಮಗೆ ಕೇಳಿಸ್ಲೇ ಇಲ್ಲ ಅಲ್ವಾ?"

ನಾನು ಟವೆಲ್ಲಿನಲ್ಲಿ ಮುಖ ಒರೆಸುತ್ತಲೇ ಇದ್ದೆ.

"ಕೋಪ ಅಂದ್ಕೊಂಡಿದ್ದೆ ಕಣ್ರೀ. ಕೇಳಿದ್ದಕ್ಕೆ ಉತ್ತರ ಕೊಡ್ದೇ ಇದ್ರೆ ನಿಮ್ಮದು ಬೇಡ ಅಂತ ಅರ್ಥ. ಮೊದ್ಲಿಂದ್ಲೂ ಹಾಗೇ ತಾನೆ? ಅಕ್ಕನ ಜೊತೆ ಒಂದು ವಾರ ಇದ್ದು ಬರ್ಲಾ ಅಂತ ಕೇಳ್ದೆ. ನೀವು ಊಟ ಮಾಡ್ತಿದ್ರಿ, ತಲೇನೇ ಎತ್ಲಿಲ್ಲ. ನಾನು ಹೋಗ್ಲಿಲ್ಲ."

ಅವಳ ಅಕ್ಕ ಕೆ.ಆರ್.ಪುರದಲ್ಲಿದ್ದವರು. ಬಹಳ ದಿನ ಕಾಯಿಲೆಯಲ್ಲಿ ಮಲಗಿ ತೀರಿಕೊಂಡರು. ಹೆಂಡತಿ ಕೊನೆಯ ದಿನಗಳಲ್ಲಿ ಯಾಕೆ ಹೋಗಲಿಲ್ಲವೋ ಎಂದು ಆಗ ನನಗೂ ಆಶ್ಚರ್ಯವಾಗಿತ್ತು. ಒಡಹುಟ್ಟಿದವರ ನಡುವೆ ಏನೋ ಇರಬೇಕು, ನನಗೇಕೆ ಎಂದು ಸುಮ್ಮನಿದ್ದೆ.

"ನಾನು ಬೇಡ ಅಂದಿರ್ಲಿಲ್ಲ," ಎಂದೆ.

"ಗೊತ್ತಾಯ್ತು ಬಿಡಿ ಈಗ," ಎಂದಳು. ಅತ್ತಿದ್ದರೆ ಚೆನ್ನಾಗಿತ್ತು. ಒಲೆಯ ಮೇಲೆ ಹಾಲಿಟ್ಟಿದ್ದಳು, ಒಳಗೆ ಹೋದಳು.

ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು. ಮಗಳ ವಯಸ್ಸಿನ ಹೆಣ್ಣುಮಗಳು ಆ ಡಾಕ್ಟರು. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದರು. ನಾನು ಅವರ ಕೈ ನೋಡಿಕೊಂಡು ಒತ್ತಿದೆ. ಅವರು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಆಮೇಲೆ ಒತ್ತಲು ಹೆಚ್ಚೇನೂ ಇರಲಿಲ್ಲ. ನರ ಸತ್ತಿದೆ, ಎಡಗಿವಿ ಪೂರ್ತಿ, ಬಲಗಿವಿ ಅರ್ಧ, ಹೋದದ್ದು ಬರುವುದಿಲ್ಲ, ಇನ್ನು ಸುತ್ತಿಗೆ ಹಿಡಿದರೆ ಉಳಿದದ್ದೂ ಹೋಗುತ್ತದೆ ಎಂದರು. ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಳ್ಳುತ್ತಿರಲಿಲ್ಲವೇ ಎಂದು ಕೇಳಿದರು.

ಇಟ್ಟುಕೊಳ್ಳುತ್ತಿರಲಿಲ್ಲ. ಶೆಡ್ಡಿನಲ್ಲಿ ಹತ್ತಿ ಇಟ್ಟುಕೊಂಡವನನ್ನು "ಏನ್ ದುಲ್ಹನ್, ಅತ್ತರ್ ಹತ್ತಿ ಇಟ್ಕೊಂಡ್ ಬಂದ್ಯಾ?" ಎಂದು ಮದುಮಗಳು ಮಾಡಿ ಸಂಜೆಯವರೆಗೆ ಆಡಿಕೊಳ್ಳುತ್ತಿದ್ದೆವು. ನಮ್ಮ ಕಸುಬಿನವರೆಲ್ಲ ಕೂಗಿಯೇ ಮಾತಾಡುವವರು. ಸ್ಪ್ಯಾನರ್ ಬೇಕಾದರೆ ಕೈಸನ್ನೆ, ಚಹಾ ಬೇಕಾದರೆ ಕೈಸನ್ನೆ. ಉಸ್ತಾದ್ ಮನೆಯಲ್ಲೂ ಕಿರುಚುತ್ತಾರೆ, ಅವರ ಬೇಗಂ ಅದಕ್ಕೇ ಹೆದರುತ್ತಾರೆ ಎಂದು ನಾವು ನಗುತ್ತಿದ್ದೆವು. ಗಂಡಸಿನ ಗತ್ತು ಎಂದರೆ ಅದು ಎಂದುಕೊಂಡು ನಾನೂ ಅದನ್ನೇ ಕಲಿತೆ. ಆ ಮನುಷ್ಯನಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಆ ಡಾಕ್ಟರ ಕುರ್ಚಿಯಲ್ಲಿ ಕೂತಾಗ. ಅವರು ಸತ್ತು ಬಹಳ ವರ್ಷವಾಗಿತ್ತು.

ಕಿವಿಗೆ ಮೆಷಿನ್ನು ಹಾಕಿಸಿಕೊಂಡೆ. ಅದರಲ್ಲಿ ಬಸ್ಸಿನ ಬ್ರೇಕು, ಪಾತ್ರೆಯ ಸದ್ದು ಭರ್ಜರಿಯಾಗಿ ಬರುತ್ತದೆ, ಮಾತು ಬರುವುದಿಲ್ಲ. ತೆಗೆದಿಟ್ಟೆ. ಶೆಡ್ಡು ಮುಚ್ಚಿದೆ.

ಸ್ಟೀರಿಯೋವನ್ನು ಮಾತ್ರ ತಂದೆ, ಗೆಜ್ಜೆ ಸದ್ದಿನದ್ದನ್ನೇ. ಒಂದು ಕೂದಲೆಳೆಯಷ್ಟೂ ತಗಡು ಕೊಯ್ಯದೆ ನನ್ನ ಕೈಯಾರೆ ಕೂರಿಸಿದೆ. ಅರವತ್ತೆಂಟರಿಂದ ಅಲ್ಲೇ ಇತ್ತು ಎನ್ನಬೇಕು, ಹಾಗೆ ಕೂತಿತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೇ ಮದ್ರಾಸು ರಸ್ತೆಗೆ ಹೊರಟೆ. ಹಾಡು ಶುರುವಾಯಿತು. ಸ್ವಲ್ಪ ದೂರ ಹೋದ ಮೇಲೆ ಅವಳ ತುಟಿ ಅಲ್ಲಾಡುವುದು ಕಂಡಿತು. ಹಾಡಿಕೊಳ್ಳುತ್ತಿದ್ದಾಳೋ, ನನಗೆ ಏನಾದರೂ ಹೇಳುತ್ತಿದ್ದಾಳೋ ತಿಳಿಯಲಿಲ್ಲ. ರಸ್ತೆ ಬಿಟ್ಟು ಅವಳ ಬಾಯಿ ನೋಡಹೋಗಿ ಆಟೋಗೆ ಗುದ್ದುವುದರಲ್ಲಿದ್ದೆ. ಕಾರಿನಲ್ಲಿ ಹೆಂಡತಿ ಕೂರುವುದು ಎಡಕ್ಕೆ. ನನ್ನ ಸತ್ತ ಕಿವಿ ಇರುವುದೂ ಎಡಕ್ಕೆ. ಆರು ವರ್ಷ ಕಾರು ಕಟ್ಟುವಾಗ ಇದು ನನ್ನ ಲೆಕ್ಕದಲ್ಲಿರಲಿಲ್ಲ.

ಹಿಂದಿನ ಸೀಟಿನಲ್ಲಿ, ನನ್ನ ಬೆನ್ನಿಗೆ ಕೂತರೆ ಬಲಗಿವಿಗೆ ಹೇಳಬಹುದು ಎಂದು ಅವಳೇ ಯೋಚಿಸಿದಳು. ಅಲ್ಲಿಂದೀಚೆಗೆ ಅವಳು ಹಿಂದೆಯೇ ಕೂರುತ್ತಾಳೆ. ಇಂದಿರಾನಗರದ ಒಂದು ಫ್ಲಾಟಿಗೆ ಗೃಹಪ್ರವೇಶಕ್ಕೆ ಹೋದಾಗ ಗೇಟಿನವನು ಕಿಟಕಿಗೆ ಬಗ್ಗಿ ಏನೋ ಕೇಳಿದ, ಅವಳು ಏನೋ ಹೇಳಿದಳು. ಅವನು ನನ್ನ ಕಡೆ ಕೈ ಬೀಸಿ ರಸ್ತೆಯ ಆಚೆ ತೋರಿಸಿದ. ಏನಂದ ಎಂದು ಕೇಳಿದೆ. ಅವಳು ಬಲಗಿವಿಯ ಹತ್ತಿರ ಬಂದಳು.

"ಡ್ರೈವರ್ ಗಾಡಿ ಹೊರಗೆ ನಿಲ್ಲಿಸ್ಲಿ ಅಂದ."

"ನೀನೇನಂದೆ?"

"ಆಯ್ತು ಅಂದೆ. ಅವನ ಹತ್ರ ಏನು ವಾದ."

ಮಾತು ಕೇಳಬೇಕಾದರೆ ಹಾಡು ನಿಂತಿರಬೇಕು. ಎರಡೂ ಒಟ್ಟಿಗೆ ನನ್ನ ಕಿವಿಗೆ ಬರುವುದಿಲ್ಲ, ಅದು ಅವಳಿಗೂ ಗೊತ್ತು. ಹಿಂದೆ ಕೂತವಳಿಗೆ ತಿರುಪು ಎಟುಕುವುದಿಲ್ಲ, ಫೋನಿನಿಂದಲೇ ಹಾಡು ಹಾಕುತ್ತಾಳೆ. ಡಯಲ್ಲಿನಲ್ಲಿ ಹಳದಿ ದೀಪ ಹತ್ತಿತೆಂದರೆ ಅವಳಿಗೆ ಹೇಳುವುದೇನೂ ಇಲ್ಲ ಎಂದು ತಿಳಿದುಕೊಳ್ಳುತ್ತೇನೆ. ಮೊದಮೊದಲು ಹಲಸೂರು ಕೆರೆ ದಾಟುವವರೆಗೆ ಹತ್ತುತ್ತಿರಲಿಲ್ಲ. ಈಗ ನಮ್ಮ ಗಲ್ಲಿಯ ತಿರುವಿನಲ್ಲೇ ಹತ್ತುತ್ತದೆ.

ಸದ್ಯ ನನ್ನ ಹತ್ತಿರ ಇರುವುದು ಇಷ್ಟು: ಓಡುವ ಕಾರು ಒಂದು, ಸ್ಟೀರಿಯೋ ಒಂದು, ಸ್ಪೀಕರು ನಾಲ್ಕು. ಸ್ವಂತ ಮನೆ, ಕೋಣೆ ಎರಡು. ಬೀಗ ಹಾಕಿದ ಶೆಡ್ಡು ಒಂದು, ಒಳಗೆ ಸುತ್ತಿಗೆ ಹನ್ನೊಂದು. ಮಗಳು ಒಬ್ಬಳು. ಹೆಂಡತಿ ಒಬ್ಬಳು. ಕಿವಿ ಅರ್ಧ.