ತವರಲ್ಲಾದ ಹೆರಿಗೆ

ಬೆಳಗಿನ ನಮಾಜು ಮುಗಿದ ಮೇಲೆ, ಒಲೆ ಹಚ್ಚುವ ಮೊದಲು, ಹಜರತಬಿ ಗೋಡೆಯ ಮೊಳೆಗೆ ತೂಗುಹಾಕಿದ ನೀಲಿ ಪ್ಲಾಸ್ಟಿಕ್ ಚೀಲವನ್ನು ಕೆಳಗಿಳಿಸುತ್ತಾಳೆ. ಒಳಗಿನ ಕಾಗದಗಳನ್ನು ಒಂದೊಂದಾಗಿ ತೆಗೆದು, ಎಲ್ಲಾದರೂ ತೇವ ಹಿಡಿದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಮತ್ತೆ ಅದೇ ಕ್ರಮದಲ್ಲಿ ಒಳಗಿಟ್ಟು ಗಂಟು ಹಾಕುತ್ತಾಳೆ. ಅವಳಿಗೆ ಓದು ಬರುವುದಿಲ್ಲ. ಆದರೂ ಯಾವುದು ರೇಷನ್ ಕಾರ್ಡು, ಯಾವುದು ಮಗನ ಶಾಲೆಯ ದಾಖಲೆ ಎಂಬುದು ಕಾಗದದ ದಪ್ಪದಿಂದಲೇ ಗೊತ್ತಾಗುತ್ತದೆ. ಎರಡು ಸಾವಿರದ ಐದರ ಜುಲೈ ಮಳೆಯಲ್ಲಿ ಧಾರಾವಿಯ ಅವಳ ಖೋಲಿಗೆ, ಆ ಒಂದೇ ಕೋಣೆಯ ಮನೆಗೆ, ಎದೆಮಟ್ಟ ನೀರು ನುಗ್ಗಿ, ಟ್ರಂಕಿನಲ್ಲಿದ್ದ ಕಾಗದಗಳೆಲ್ಲ ನೆನೆದ ಅವಲಕ್ಕಿಯಂತೆ ಮುದ್ದೆಯಾಗಿದ್ದವು. ಅವನ್ನು ಮರಳಿ ಮಾಡಿಸಿಕೊಳ್ಳಲು ಅವಳ ಗಂಡ ಅಮೀರಸಾಬ ಎರಡು ವರ್ಷ ಓಡಾಡಿದ. ಅಂದಿನಿಂದ ಈ ಅಭ್ಯಾಸ. ಜ್ವರ ಬಂದ ದಿನವೂ ತಪ್ಪಿಲ್ಲ.

ಆಮೇಲೆ ಅವಳು ಜೋಳದ ರೊಟ್ಟಿ ಬಡಿಯಲು ಕೂರುತ್ತಾಳೆ. ಸಯನ್‌ನಲ್ಲಿ ಧಾರವಾಡ, ಬೆಳಗಾವಿ ಕಡೆಯ ಏಳೆಂಟು ಮನೆಗಳಿಗೆ ಅವಳದೇ ರೊಟ್ಟಿ, ನಮ್ಮದೂ ಅದರಲ್ಲೊಂದು. ಸ್ಟೇಷನ್ ಮೇಲಿನ ಹಳೆ ಸೇತುವೆ ಮುಚ್ಚಿದ ಮೇಲೆ ಸುತ್ತು ಬಳಸಿ ಬರಬೇಕು. ಆದರೂ ಹತ್ತು ಗಂಟೆಗೆ, ನನ್ನ ಪೂಜೆ ಮುಗಿಯುವ ಹೊತ್ತಿಗೆ ಸರಿಯಾಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯೊಂದಿಗೆ ಬಾಗಿಲಲ್ಲಿ ಇರುತ್ತಿದ್ದಳು. ನೀರು ಕುಡಿದು, ಒಂದೆರಡು ಮಾತಾಡಿ ಹೋಗುವುದು ರೂಢಿ. ಈ ತಿಂಗಳು ಮಾತ್ರ ಅವಳು ಗೋಡೆಗೆ ಒರಗಿ ಕೂತರೆ ಬೇಗ ಏಳುತ್ತಿರಲಿಲ್ಲ.

ಅಮೀರಸಾಬ ಮೂವತ್ತು ವರ್ಷಗಳಿಂದ ಕಾಂತಪ್ಪ ಎಂಬವರ ಚರ್ಮದ ಕಾರಖಾನೆಯಲ್ಲಿ ಕೆಲಸ ಮಾಡುತ್ತಾನೆ. ಕಾರಖಾನೆ ಎಂದರೆ ಮಾಳಿಗೆಯ ಮೇಲಿನ ಒಂದು ಉದ್ದನೆಯ ಖೋಲಿ, ಆರು ಮಷೀನು. ಚರ್ಮದ ಅಂಚನ್ನು ಹೊಲಿಗೆಗೆ ಬರುವಂತೆ ತೆಳ್ಳಗೆ ಹೆರೆಯುವುದು ಅಮೀರಸಾಬನ ಕೆಲಸ. ಅಲ್ಲಿಯ ಕೈಚೀಲಗಳು ಅಮೆರಿಕಕ್ಕೆ ಹೋಗುತ್ತಿದ್ದವು. ಮೊದಲು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯಾಗಿ ಮಾಲು ತಿಂಗಳುಗಟ್ಟಲೆ ತಡವಾಗತೊಡಗಿತು. ಆಮೇಲೆ ಅಮೆರಿಕದವರು ಸುಂಕ ಏರಿಸಿದರು, ಆರ್ಡರೇ ನಿಂತಿತು. ಈಗ ವಾರಕ್ಕೆ ಮೂರು ದಿನ ಮಾತ್ರ ಮಷೀನಿನ ಸದ್ದು.

"ಅಲ್ಲಿ ಯಾರೋ ಒಂದು ಸಹಿ ಹಾಕಿದ್ರ, ಇಲ್ಲಿ ನನ್ನ ಕರೆಂಟ್ ಬಿಲ್ ಉಳೀತದ ನೋಡು ಅಮೀರಾ," ಎಂದು ಕಾಂತಪ್ಪ ನಗುತ್ತಾರಂತೆ. ಅಮೀರಸಾಬ ಮನೆಗೆ ಬಂದು ಅದನ್ನೇ ಹೇಳುತ್ತಾನೆ, ನಗದೆ.

ಇಂಥ ಹೊತ್ತಿನಲ್ಲಿ ಮಗ ಮುಶರಫನಿಗೆ ಸಾಂತಾಕ್ರೂಜ್‌ನಲ್ಲಿ, ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಇಪ್ಪತ್ನಾಲ್ಕರ ಹುಡುಗ, ಹನ್ನೆರಡನೆಯ ತರಗತಿ ಪಾಸು. ತಿಂಗಳ ಪಗಾರ, ಪಿ.ಎಫ್., ಸಮವಸ್ತ್ರ. ಒಂದೇ ಷರತ್ತು. ಒಳಗೆ ಕಾಲಿಡಲು ಪಾಸು ಬೇಕು, ಪಾಸಿಗೆ ಪೊಲೀಸರ ತಪಾಸಣೆ ಆಗಬೇಕು. ಗಡಿಯಲ್ಲಿ ಕಾಳಗ ನಡೆದ ಮೇಲೆ ಈ ತಪಾಸಣೆ ಬಿಗಿಯಾಗಿದೆ ಎಂದು ಕಂಪನಿಯವರು ಮೊದಲೇ ಹೇಳಿದ್ದರು. ಇಪ್ಪತ್ತನೇ ತಾರೀಕಿನೊಳಗೆ ಕಾಗದ ಬಾರದಿದ್ದರೆ ಆ ಜಾಗ ಬೇರೊಬ್ಬನಿಗೆ.

"ನಮ್ಮದೇನ ಐತಿ ಮುಚ್ಚಿಡೂದು? ಎಲ್ಲಾ ಚೀಲದಾಗ ಐತಿ," ಎಂದು ಹಜರತಬಿ ಮಗನ ಜೊತೆ ಠಾಣೆಗೆ ಹೋದಳು. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಎರಡು ತಾಸು ಕೂತಳು.

ಹವಾಲ್ದಾರ ಕೆಟ್ಟ ಮನುಷ್ಯನಲ್ಲ. ಅವಳಿಗೆ ಫ್ಯಾನಿನ ಕೆಳಗೆ ಕೂರಲು ಹೇಳಿದವನು ಅವನೇ. ಆದರೆ ಅವನು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ. ಮುಶರಫ ತಾನೇ ತುಂಬಿದ ಅರ್ಜಿಯಲ್ಲಿ, ಹುಟ್ಟಿದ ಸ್ಥಳ ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಶಾಲೆಯ ದಾಖಲೆಯಲ್ಲಿ ಮುಂಬಯಿ.

"'ಮನುಷ್ಯ ಎರಡು ಊರಾಗ ಹುಟ್ಟೂದಿಲ್ಲ ಬಾಯೀ, ಒಂದು ಸುಳ್ಳು, ಯಾವುದು?' ಅಂದ ಹವಾಲ್ದಾರ," ಎಂದು ಹಜರತಬಿ ನನ್ನೆದುರು ಹೇಳಿದಳು. "ನೀವ ಹೇಳ್ರಿ ಅಕ್ಕಾರ. ಎರಡೂ ಖರೇನ ಅಂತ ಹೆಂಗ ಹೇಳ್ಲಿ?"

ನಮ್ಮ ಕಡೆಯವರಿಗಾದರೆ ಬಿಡಿಸಿ ಹೇಳಬೇಕಾಗಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳು ತಿಂಗಳು ತುಂಬಿದ ಮೇಲೆ ಅಮೀರಸಾಬ ಹೆಂಡತಿಯನ್ನು ಸೋಲಾಪುರದ ರೈಲು ಹತ್ತಿಸಿದ. ತಾಳಿಕೋಟಿ ಹತ್ತಿರದ ಹಳ್ಳಿಯಲ್ಲಿ, ತಾಯಿಯ ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಓಣಿಯ ಸೂಲಗಿತ್ತಿ ಭಾಗವ್ವ ಹೆರಿಗೆ ಮಾಡಿಸಿದಳು. ಐದು ತಿಂಗಳ ಕೂಸನ್ನು ಎತ್ತಿಕೊಂಡು ಹಜರತಬಿ ಧಾರಾವಿಗೆ ಮರಳಿದಳು. ಹೆರಿಗೆ ತವರಿನದು, ಮಗು ಗಂಡನ ಮನೆಯದು. ಅದಕ್ಕೇ ಶಾಲೆಯಲ್ಲಿ ಮಾಸ್ತರರು ಊರು ಕೇಳಿದಾಗ ಅಮೀರಸಾಬ ಮುಂಬಯಿ ಎಂದು ಬರೆಸಿದ. ಸುಳ್ಳು ಹೇಳಬೇಕೆಂಬ ಯೋಚನೆ ಅವನ ತಲೆಯಲ್ಲಿ ಸುಳಿದೂ ಇರಲಿಲ್ಲ. ಮಗನಿಗೋ ತಾಯಿ ಸಣ್ಣಂದಿನಿಂದ ಆ ಕತ್ತಲೆ ಕೋಣೆಯ ಕಥೆ ಹೇಳಿದ್ದಳು. ಅವನು ಅದನ್ನೇ ಬರೆದ.

ಹುಟ್ಟಿದ್ದಕ್ಕೆ ಸರ್ಕಾರಿ ಕಾಗದ ಮಾಡಿಸಬೇಕೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಪೋಲಿಯೋ ಹಾಕಿಸಿದ ಚೀಟಿಯೊಂದಿತ್ತು. ಅದೂ ಮಳೆಯ ನೀರಿನಲ್ಲಿ ಹೋಯಿತು.

ಠಾಣೆಯಿಂದ ಮರಳಿದ ದಿನ ಸಂಜೆ ಮನೆಯಲ್ಲಿ ಜಗಳ.

"ಹೆರಿಗಿಗೆ ತವರಿಗೆ ಹೋಗಬ್ಯಾಡ ಅಂದಿದ್ದೆ," ಎಂದ ಅಮೀರಸಾಬ.

"ಅಂದಿದ್ರಿ? ನನ್ನ ಗಾಡಿ ಹತ್ತಿಸಿ, ಜೈಲಿಂದ ಬಿಟ್ಟವರಂಗ ನಕ್ಕೊಂತ ಹೋದವರು ಯಾರು?"

"ಅಮ್ಮಾ, ಅಬ್ಬಾ, ಬಸ್ ಕರೋ, ಸಾಕು ಮಾಡಿ," ಎಂದು ಮುಶರಫ ತಲೆ ಹಿಡಿದುಕೊಂಡ. "ಗೋದಾಮಿನವರು ದಿನಾ ಫೋನ್ ಮಾಡ್ತಾ ಇದ್ದಾರೆ. ನಾನು ಏನು ಹೇಳ್ಲಿ, ಬೋಲೋ?"

ಹಜರತಬಿ ಊರಿನ ಅಣ್ಣನಿಗೆ ಫೋನು ಹಚ್ಚಿದಳು. ಅವನು ಮೂರು ದಿನ ಕಚೇರಿ ಸುತ್ತಿ ತಿಳಿಸಿದ್ದು ಇಷ್ಟು. ಊರಿನ ಜನನ ನೋಂದಣಿ ಪುಸ್ತಕದಲ್ಲಿ ಹುಡುಗನ ಹೆಸರಿಲ್ಲ. ಹೆಸರಿಲ್ಲವೆಂದು ಮೊದಲು ಬರೆಸಿಕೊಳ್ಳಬೇಕು, ಆಮೇಲೆ ದೊಡ್ಡ ಸಾಹೇಬರಿಗೆ ಅರ್ಜಿ, ಇಬ್ಬರು ಸಾಕ್ಷಿ, ವಿಚಾರಣೆ. ಏನಿಲ್ಲವೆಂದರೂ ಎರಡು ತಿಂಗಳು. ಒಬ್ಬ ಸಾಕ್ಷಿ ಅಣ್ಣನೇ ಆಗುತ್ತಾನೆ. ಇನ್ನೊಬ್ಬಳು ಭಾಗವ್ವ.

"ಇನ್ನೂ ಅದಾಳೇನು?" ಎಂದು ಹಜರತಬಿ ಕೇಳಿದ್ದಕ್ಕೆ ಅಣ್ಣ ಫೋನನ್ನು ನೇರವಾಗಿ ಭಾಗವ್ವನ ಕೈಗೇ ಕೊಟ್ಟ.

"ಯಾರ, ಹಜ್ಜೂ ಏನ?" ಎಂಬತ್ತು ದಾಟಿದ ದನಿ ಮೊದಲಿನಷ್ಟೇ ದೊಡ್ಡದಾಗಿತ್ತು. "ನಿನ್ನ ಮಗ ಕಾಲು ಮುಂದ ಮಾಡಿ ಬಂದಾವ. ತಿರುಗಿಸೂದ್ರಾಗ ನನ್ನ ಕೈ ಸೋತು ಹೋಗಿತ್ತು. ಮರೀತೀನೇನ?"

"ಸಾಹೇಬರ ಮುಂದ ಬಂದು ಹೇಳಬೇಕಾಗ್ತದ ಭಾಗವ್ವ. ದೂರ ಐತಿ."

"ಐತಿ ಬಿಡ. ಹೆಂಗಸರಿಗೆ ಬಸ್ಸು ಪುಕ್ಕಟ ಐತಿ. ಮನ್ಯಾಗ ಕುಂತು ಏನ ಮಾಡ್ಲಿ? ನಿನ್ನ ಸಾಹೇಬಗೂ ಹೆರಿಗಿ ಹೆಂಗಾತು ಅಂತ ಬಿಡಿಸಿ ಹೇಳ್ತೀನಿ, ಅವ ಊಟ ಬಿಡಬೇಕು."

ಇದನ್ನು ನನಗೆ ಹೇಳುವಾಗ ಹಜರತಬಿ ಆ ವಾರದಲ್ಲಿ ಮೊದಲ ಸಲ ನಕ್ಕಳು. ಮರುಕ್ಷಣವೇ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ತಾರೀಕು ಹದಿನಾಲ್ಕು ಆಗಿತ್ತು.

ಅವಳ ಭಯ ಈಗ ಕೆಲಸವೊಂದರದ್ದೇ ಆಗಿ ಉಳಿದಿರಲಿಲ್ಲ. ಹಿಂದಿನ ದಿನ ಲೋಕಲ್ ರೈಲಿನಲ್ಲಿ ಮುಶರಫ ಕನ್ನಡ, ಉರ್ದು ಬೆರೆತ ಮನೆಯ ಮಾತಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಪಕ್ಕದವನು, "ನೀನು ಎಲ್ಲಿಯವನು? ಈ ದೇಶದವನೇ ತಾನೆ?" ಎಂದು ಕೇಳಿದ್ದನಂತೆ. ಹುಡುಗ ನಗುತ್ತಲೇ ಹೇಳಿದ. ತಾಯಿಗೆ ಅನ್ನ ಸೇರಲಿಲ್ಲ. ಆಮೇಲೆ ಬೆಳಿಗ್ಗೆ ಒಮ್ಮೆ ಮುಟ್ಟುತ್ತಿದ್ದ ಚೀಲವನ್ನು ಮಧ್ಯಾಹ್ನ ಮನೆಗೆ ಹೋದಾಗಲೂ ಇಳಿಸಿ ನೋಡತೊಡಗಿದಳು. ಅವಳ ರೊಟ್ಟಿ ಎಂದೂ ಸೀದದ್ದನ್ನು ನಾನು ಕಂಡಿರಲಿಲ್ಲ. ಆ ವಾರ ಎರಡು ಸಲ ಕಪ್ಪಾದ ರೊಟ್ಟಿ ಬಂತು. ದೇವರಿಗೆ ದೀಪ ಹಚ್ಚುವಾಗ ನಾನು ಆ ಹುಡುಗನ ಹೆಸರನ್ನೂ ಸೇರಿಸಿಕೊಂಡೆ, ಅಷ್ಟೇ.

ಹದಿನಾರಕ್ಕೆ ಹಜರತಬಿಯ ಮನೆಗೆ ಶಶಿಕಾಂತ ಬಂದ. ಧಾರವಾಡ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಧಾರಾವಿಯಲ್ಲಿ. ಯಾರಿಗೆ ನೀರಿನ ನಲ್ಲಿ ಬೇಕೋ, ಯಾರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಬೇಕೋ, ಅಲ್ಲಿ ಅವನು. ಗಲ್ಲಿಯ ತುದಿಯ ಬ್ಯಾನರಿನಲ್ಲಿ ಕೈಮುಗಿದು ನಿಂತಿರುವ ಐವರಲ್ಲಿ ಅವನ ಮುಖ ನಾಲ್ಕನೆಯದು, ಬರುವ ಚುನಾವಣೆಗೆ ಮೊದಲನೆಯದಾಗಬೇಕೆಂಬ ಆಸೆ. ಅಮೀರಸಾಬನೇ ಅವನ ಹತ್ತಿರ ಹೋಗಿ ಸಂಕಟ ತೋಡಿಕೊಂಡಿದ್ದ.

"ಚಾಚಿ, ಇದಕ್ಕ ಇಷ್ಟ್ ತಲಿ ಕೆಡಿಸಿಕೊಂಡೀರಿ?" ಎಂದು ಅವನು ಮಡಿಸಿದ ಕಾಗದವೊಂದನ್ನು ತೆರೆದ. "ಜನ್ಮದ ದಾಖಲೆ ಇಲ್ಲೇ ಮುಂಬಯಿದು ಮಾಡಿಸ್ತೀನಿ. ಶಾಲಿ ಕಾಗದಕ್ಕ ಕೂಡ್ತದ. ಅರ್ಜಿಯೊಳಗ ಹುಡುಗ ತಪ್ಪಿ ಬರದ ಅಂತ ಬರಕೊಟ್ರಾತು. ಆಫೀಸ್‌ನಾಗ ನಮ್ಮ ಮನುಷ್ಯ ಇದ್ದಾನ, ಹತ್ತೊಂಬತ್ತಕ್ಕ ನಿಮ್ಮ ಕೈಯಾಗ. ಒಂದು ಪೈಸಾ ಬ್ಯಾಡ. ಎಲೆಕ್ಷನ್‌ದಾಗ ನೆನಪಿಟ್ರ ಸಾಕು. ಇಲ್ಲಿ ತಾಯಿದೊಂದು ಹೆಬ್ಬಟ್ಟು, ಅಷ್ಟ."

ಅಮೀರಸಾಬ ಆಗಲೇ ಶಾಯಿಯ ಡಬ್ಬಿ ತಂದಿಟ್ಟಿದ್ದ. ಮುಶರಫ ತಾಯಿಯ ಮುಖವನ್ನೇ ನೋಡುತ್ತಿದ್ದ.

ಹಜರತಬಿ ಶಶಿಕಾಂತನ ಮುಂದೆ ಚಹಾ ಇಟ್ಟಳು. "ಓದಿ ಹೇಳ್ರಿ, ಏನ ಬರದೈತಿ."

ಅವನು ಓದಿದ. ಹೆಸರು, ತಾರೀಕು ಸರಿಯಾಗಿದ್ದವು. ಹುಟ್ಟಿದ ಸ್ಥಳ ಧಾರಾವಿಯ ಇದೇ ಖೋಲಿ.

"ಹೆರಿಗಿ ಯಾರು ಮಾಡಿಸಿದ್ರು ಅಂತ ಐತಿ?"

"ಯಾವುದೋ ಒಂದು ಹೆಸರು ಹಾಕಿದ್ರಾತು ಚಾಚಿ."

"ನಾಳೆ ಯಾರಾದ್ರೂ ಭಾಗವ್ವನ್ನ ಕೇಳಿದ್ರ?"

"ಆ ಹಳ್ಳಿ ಮುದುಕೀನ ಯಾರ ಕೇಳ್ತಾರ?"

"ನಾ ಕೇಳೀನಿ," ಎಂದಳು ಹಜರತಬಿ. "ಬಂದು ಸಾಕ್ಷಿ ಹೇಳ್ತೀನಿ ಅಂದಾಳ."

"ಅದು ಎರಡು ತಿಂಗಳು! ಇಪ್ಪತ್ತಕ್ಕ ಹುಡುಗನ ಕೆಲಸ ಹೋಗ್ತದಲ್ಲ."

"ಹೋಗಬಹುದು," ಎಂದಳು. ಆ ಮಾತಿಗೆ ಮುಶರಫ ಎದ್ದು ಬಾಗಿಲಿಗೆ ಹೋಗಿ ನಿಂತ. ಅಮೀರಸಾಬ, "ಒಂದು ಹೆಬ್ಬಟ್ಟು, ಅಷ್ಟ ಅಲ್ಲೇನ," ಎಂದು ಮೆಲ್ಲಗೆ ಅಂದ.

"ಈಗ ಎರಡು ಕಾಗದ ಕೂಡಲಿಲ್ಲ ಅಂತ ಕೇಳಾಕತ್ತಾರ," ಎಂದಳು ಗಂಡನಿಗೆ. "ಅದಕ್ಕ ಉತ್ತರ ಐತಿ ನಮ್ಮ ಕಡೆ. ಇದು ಸಿಕ್ಕಿಬಿದ್ದ ದಿನ ಏನ ಉತ್ತರ ಕೊಡೋಣು? ಗಾಡ್ಯಾಗ ಒಬ್ಬ ಕೇಳಿದ, ನಾಳೆ ರಸ್ತ್ಯಾಗ ಇನ್ನೊಬ್ಬ ಹಿಡಿದು ನಿಲ್ಲಿಸಿ ಕೇಳ್ತಾನ. ಆಗ ನಮ್ಮ ಹುಡುಗನ ಕೈಯಾಗ ಖರೇ ಕಾಗದ ಇರಬೇಕ್ರಿ."

ಶಶಿಕಾಂತನ ಮುಖ ಸಣ್ಣದಾಯಿತು. "ನಾ ಒಳ್ಳೇದಕ್ಕ ಹೇಳಿದೆ ಚಾಚಿ. ಇರಲಿ, ಕಾಗದ ಇಲ್ಲೇ ಇಟ್ಟು ಹೋಗ್ತೀನಿ, ವಿಚಾರ ಮಾಡ್ರಿ. ನಾಳೆ ಮಧ್ಯಾಹ್ನದ ತನಕ ಟೈಮ್ ಐತಿ."

ಅವಳು ನೀಲಿ ಚೀಲ ತೂಗುತ್ತಿದ್ದ ಮೊಳೆಯ ಕಡೆ ಒಮ್ಮೆ ನೋಡಿದಳು. ಕಾಗದವನ್ನು ಅದರದೇ ಮಡಿಕೆಗಳಲ್ಲಿ ಮಡಿಸಿ, ಚಹಾದ ಬಟ್ಟಲಿನ ಪಕ್ಕದಿಂದ ಎತ್ತಿ, ಅವನ ಅಂಗಿಯ ಕಿಸೆಗೆ ತಾನೇ ಹಾಕಿದಳು.

"ನೀವು ಮನಿತನಕ ಬಂದ್ರಿ, ಅದ ದೊಡ್ಡದು. ಇದೊಂದು ಬ್ಯಾಡ್ರಿ, ಶಶಿಕಾಂತ. ಇಲ್ಲಿಟ್ರ ಬೆಳಿಗ್ಗೆ ನಾ ಇದನ್ನೂ ಮುಟ್ಟಿ ನೋಡಬೇಕಾಗ್ತದ."